ಬಹುಮಾನ ಬಂದರೆ ಆ ಹುಡುಗನ ಗತಿ?

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೆರವಣಿಗೆಯಲ್ಲಿ ತೆಗೆದ ಫೋಟೊವನ್ನು ಸ್ಪರ್ಧೆಗೆ ಕಳಿಸುವ ಬಗ್ಗೆ ನೀನು ಬರೆದ ಕಾಗದದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಈ ಚಿತ್ರಕ್ಕೆ ಬಹುಮಾನ ಬಂದರೆ, ಘೋಷಣೆ ಕೂಗುತ್ತಿರುವ ಆ ಹುಡುಗನಿಗೆ ಏನಾದರೂ ಆದೀತಾ?" ಆದೀತು, ಪುಟ್ಟಿ. ಆಗಲ್ಲ ಅಂತ ನಿನಗೆ ಸುಳ್ಳು ಹೇಳಲಾರೆ.

ಮುಖ ಮಸುಕು ಮಾಡಿ ಕಳಿಸಲಾ ಅಂತ ಕೇಳಿದ್ದೀಯ. ತೊಡಕಿರುವುದೇ ಅಲ್ಲಿ. ಸುದ್ದಿ ಚಿತ್ರಗಳ ಸ್ಪರ್ಧೆಯಲ್ಲಿ ಚಿತ್ರದೊಳಗಿನದನ್ನು ಅಳಿಸುವಂತಿಲ್ಲ, ಹೊರಗಿನದನ್ನು ಸೇರಿಸುವಂತಿಲ್ಲ. ಹಿನ್ನೆಲೆಯಲ್ಲಿ ಇಣುಕಿದ್ದ ಒಂದು ಪಾದ ಅಳಿಸಿದ್ದಕ್ಕೆ ವರ್ಲ್ಡ್ ಪ್ರೆಸ್ ಫೋಟೊ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧೆ 2010ರಲ್ಲಿ ಕೊಟ್ಟ ಬಹುಮಾನವನ್ನೇ ರದ್ದು ಮಾಡಿತು. 2015ರಲ್ಲಿ ಕೊನೆಯ ಸುತ್ತಿನ ಹಿಂದಿನ ಸುತ್ತಿನವರೆಗೆ ಬಂದ ಚಿತ್ರಗಳಲ್ಲಿ ಶೇ 20ರಷ್ಟು ತಿದ್ದುಪಡಿಯ ಕಾರಣಕ್ಕೆ ಹೊರಬಿದ್ದವು. ಕ್ಯಾಮೆರಾದಿಂದ ಬಂದ ಹಾಗೇ ಇರುವ ಮೂಲ ಫೈಲನ್ನು, ಅಂದರೆ ರಾ ಫೈಲನ್ನು, ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡುತ್ತಾರೆ. ಆದ್ದರಿಂದ ಮಸುಕು ಬೇಡ, ಅದೇ ಗಳಿಗೆಯ ಬೇರೆ ಫ್ರೇಮ್ ಹುಡುಕು. ಅವನು ತಲೆ ತಿರುಗಿಸಿದ್ದು, ಎತ್ತಿದ ಕೈ ಮುಖಕ್ಕೆ ಅಡ್ಡ ಬಂದದ್ದು, ಬೆನ್ನಿನ ಕಡೆಯದು, ಯಾವುದಾದರೂ ಇದ್ದೇ ಇರುತ್ತದೆ.

ನೀನು ಹೇಳಿದ ಹಿಂಬೆಳಕಿನ ಚಿತ್ರವನ್ನೂ ಹಾಗೇ ನಂಬಬೇಡ. ಕಪ್ಪಾಗಿ ಕಾಣುವ ಮುಖ ಕಪ್ಪಾಗೇ ಉಳಿಯುತ್ತದೆ ಅನ್ನುವ ಹಾಗಿಲ್ಲ. ಕಳಿಸಲಿರುವ ಫೈಲನ್ನೇ ತೆರೆದು ಕತ್ತಲ ಭಾಗವನ್ನು ಬೆಳಗಿಸುವ ಶ್ಯಾಡೋಸ್ ಸ್ಲೈಡರನ್ನು ಕೊನೆಯವರೆಗೂ ಎಳೆದು ನೋಡು. ಕಣ್ಣು ಮೂಗು ಮೇಲೆ ಬಂದರೆ ಬೇರೆಯವರೂ ಅದನ್ನೇ ಮಾಡುತ್ತಾರೆ ಅಂತ ತಿಳಿ. ಇನ್ನು ಮುಂದೆ ಅಂಥ ಕಡೆ ತೆಗೆಯುವಾಗ ಆಕಾಶದ ಬೆಳಕಿಗೆ ಅಳತೆ ಹಿಡಿದು ಎರಡು ಸ್ಟಾಪ್, ಅಂದರೆ ಬೆಳಕು ಕಾಲು ಭಾಗಕ್ಕೆ ಇಳಿಯುವಷ್ಟು, ಕಡಿಮೆ ಮಾಡಿ ತೆಗೆ. ಇದೂ ಪೂರ್ತಿ ರಕ್ಷಣೆ ಅಲ್ಲ. ಮುಖ ಮರೆಯಾದರೂ ಹಚ್ಚೆ, ಅಂಗಿಯ ಮೇಲಿನ ಬರಹ, ಪಕ್ಕದ ಗಾಡಿಯ ನಂಬರ್, ಜೊತೆಗಿರುವ ಗೆಳೆಯನ ಮುಖ, ಇಷ್ಟೇ ಸಾಕು ಗುರುತು ಹಿಡಿಯುವವರಿಗೆ.

ನಮ್ಮ ಕಾಲದಲ್ಲಿ ಚಿತ್ರ ಬೆಳಿಗ್ಗೆ ಪತ್ರಿಕೆಯಲ್ಲಿ ಬಂದು ತಿಂಗಳೊಳಗೆ ರದ್ದಿಗೆ ಹೋಗುತ್ತಿತ್ತು. ಚಿತ್ರದಲ್ಲಿದ್ದವರನ್ನು ಮತ್ತೆ ಹುಡುಕಿಕೊಂಡು ಹೋಗಿ "ಹೇಗಿದ್ದೀರಿ" ಅಂತ ಕೇಳುವ ರೂಢಿಯೇ ನಮ್ಮವರಲ್ಲಿ ಇರಲಿಲ್ಲ. ಆ ಕೊರಗು ನನಗೆ ಈಗಲೂ ಇದೆ. ಈಗಿನ ಚಿತ್ರ ರದ್ದಿಗೆ ಹೋಗುವುದಿಲ್ಲ, ಹುಡುಕಿದಾಗಲೆಲ್ಲ ಸಿಗುತ್ತದೆ.

ಹಾಗಂತ ಎಲ್ಲ ಮುಖಗಳನ್ನೂ ಮುಚ್ಚು ಅನ್ನಲೂ ನನಗೆ ಮನಸ್ಸು ಬಾರದು. 2020ರಲ್ಲಿ ಅದೇ ವರ್ಲ್ಡ್ ಪ್ರೆಸ್ ಫೋಟೊದಲ್ಲಿ ವರ್ಷದ ಚಿತ್ರವಾಗಿ ಗೆದ್ದದ್ದು ಜಪಾನಿನ ಛಾಯಾಗ್ರಾಹಕ ಯಾಸುಯೋಶಿ ಚಿಬಾ ಸುಡಾನಿನ ಖಾರ್ಟೂಮ್‌ನಲ್ಲಿ ತೆಗೆದದ್ದು. ಕರೆಂಟಿಲ್ಲದ ರಾತ್ರಿ, ಸುತ್ತಲಿನವರ ಮೊಬೈಲ್ ಬೆಳಕಿನಲ್ಲಿ ಒಬ್ಬ ತರುಣ ಎದೆಯ ಮೇಲೆ ಕೈಯಿಟ್ಟು ಕವಿತೆ ಹೇಳುತ್ತಿದ್ದಾನೆ. ಆ ಮುಖ ಇಲ್ಲದಿದ್ದರೆ ಆ ಚಿತ್ರದಲ್ಲಿ ಏನು ಉಳಿಯುತ್ತಿತ್ತು? ಅದಕ್ಕೇ ಈ ತೀರ್ಮಾನ ನಿನ್ನೊಬ್ಬಳದು ಆಗಬಾರದು, ಆ ಹುಡುಗನದ್ದೂ ಆಗಬೇಕು. ಮೆರವಣಿಗೆಯ ಬಿಸಿಯಲ್ಲಿ "ತೆಗೀರಿ" ಅಂದದ್ದನ್ನು ಒಪ್ಪಿಗೆ ಅಂತ ಹಿಡಿಯಬೇಡ. ಚಿತ್ರ ತೋರಿಸಿ, ಗೆದ್ದರೆ ಅದು ಊರೂರಿನ ಪ್ರದರ್ಶನಕ್ಕೆ ಹೋಗುತ್ತದೆ, ಪುಸ್ತಕದಲ್ಲಿ ಬರುತ್ತದೆ, ಇಂಟರ್ನೆಟ್ಟಿನಿಂದ ವಾಪಸ್ ತರಲಾಗುವುದಿಲ್ಲ ಅಂತ ಬಿಡಿಸಿ ಹೇಳು. ಹದಿನೆಂಟು ತುಂಬಿಲ್ಲದಿದ್ದರೆ ಮನೆಯವರನ್ನೂ ಕೇಳು. ಅವನೇ ಸಿಗದಿದ್ದರೆ ಆ ಫ್ರೇಮ್ ಬಿಟ್ಟುಬಿಡು ಅನ್ನುತ್ತೇನೆ. ಕಠಿಣ ಅನ್ನಿಸಿದರೆ ಕ್ಷಮಿಸು.

ಇನ್ನು ಸಣ್ಣಪುಟ್ಟದ್ದು, ಅರ್ಧ ನಿನಗೇ ಗೊತ್ತಿರಬಹುದು. ರಾ ಫೈಲನ್ನು ಮುಟ್ಟದೆ ಎರಡು ಡಿಸ್ಕ್‌ಗಳಲ್ಲಿ ಇಡು, ಹಿಂದಿನ ಮುಂದಿನ ಫ್ರೇಮುಗಳನ್ನೂ ಅಳಿಸಬೇಡ. ಬೇರೆಯವರಿಗೆ ಹಂಚುವ ಪ್ರತಿಯಲ್ಲಿ ಜಾಗ ತೋರಿಸುವ ಜಿಪಿಎಸ್ ಮಾಹಿತಿ ತೆಗೆದುಹಾಕು. ಕ್ರಾಪ್ ಮಾಡಿದ್ದನ್ನು ಹೊಸದಾಗಿಯೇ ಎಕ್ಸ್‌ಪೋರ್ಟ್ ಮಾಡು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಫೈಲಿನೊಳಗಿನ ಥಂಬ್‌ನೇಲ್, ಅಂದರೆ ಚಿತ್ರದ ಪುಟ್ಟ ಪ್ರತಿ, ಹಳೆಯದೇ ಉಳಿದು, ನೀನು ಕತ್ತರಿಸಿ ಬಿಟ್ಟ ಮುಖ ಅದರಲ್ಲಿ ಹಾಗೇ ಕೂತಿರುತ್ತದೆ. ಅಡಿಬರಹದಲ್ಲಿ ಅವನ ಹೆಸರು, ಓಣಿ ಬೇಡ. ಆದರೆ ಊರು ಬದಲಿಸಿ ಬರೆಯಲೂಬೇಡ. ಬ್ರಸೆಲ್ಸ್‌ನಲ್ಲಿ ತೆಗೆದದ್ದನ್ನು ಬೆಲ್ಜಿಯಮ್ಮಿನದೇ ಇನ್ನೊಂದು ಊರಾದ ಶಾರ್ಲೆರುವಾ ಅಂದದ್ದಕ್ಕೆ 2015ರಲ್ಲಿ ಅದೇ ಸ್ಪರ್ಧೆಯಲ್ಲಿ ಒಬ್ಬರ ಬಹುಮಾನ ಹೋಯಿತು.

ಚಿತ್ರ ವಾಪಸ್ ಪಡೆಯಲು ಎಲ್ಲಿಯವರೆಗೆ ಅವಕಾಶವಿದೆ, ಗೆದ್ದ ಚಿತ್ರವನ್ನು ಅವರು ಎಲ್ಲೆಲ್ಲಿ ಬಳಸುತ್ತಾರೆ ಅನ್ನುವುದನ್ನು ನಿಯಮಾವಳಿಯಲ್ಲಿ ಓದಿಕೊಂಡೇ ಅವನ ಹತ್ತಿರ ಹೋಗು. ಅವನು ಏನಂದ ಅಂತ ನನಗೆ ಬರೆ.

ಇಂತಿ,
ನಿನ್ನ ದೊಡ್ಡಮ್ಮ