ಬಳ್ಳಾರಿಯ ಆಪ್ತಸಮಾಲೋಚಕಿಯೊಬ್ಬರಿಗೆ

ಮೇಡಂ, ಹೆಸರು ಬರೆಯಬೇಡಿ ಎಂದಿದ್ದಿರಿ, ಬರೆಯುವುದಿಲ್ಲ. ಮಗುವಿಗಾಗಿ ಐವಿಎಫ್ (ಪ್ರಯೋಗಾಲಯದಲ್ಲಿ ಭ್ರೂಣ ರೂಪಿಸುವ) ಚಿಕಿತ್ಸೆಗೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಓಡಾಡುತ್ತಿದ್ದಾಗ ಚುಚ್ಚುಮದ್ದಿಗಿಂತ ಹೆಚ್ಚು ನೋಯಿಸಿದ್ದು ‘ಏನಾದರೂ ವಿಶೇಷವೇ?’ ಎಂಬ ನೆಂಟರ ಪ್ರಶ್ನೆ. ಸೀಮಂತದ ಕರೆ ಬಂದರೆ ಸಾಕು, ನನಗೆ ತಲೆನೋವು ಶುರುವಾಗುತ್ತಿತ್ತು.

ಬಾಗಿಲ ಬಳಿ ಮೊಬೈಲ್ ನೋಡುತ್ತ ನಿಂತಿದ್ದ ನನ್ನ ಯಜಮಾನರಿಗೆ ನೀವೇ ಕುರ್ಚಿ ಎಳೆದು ಹಾಕಿ, “ಕುಳಿತುಕೊಳ್ಳಿ, ಇದು ಇಬ್ಬರ ಚಿಕಿತ್ಸೆ” ಎಂದಿರಿ. ಕೊರತೆ ಸೊಸೆಯದೇ ಎಂದು ತೀರ್ಮಾನಿಸಿದ್ದ ನಮ್ಮ ಅತ್ತೆಯವರಿಗೆ, ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ ಎಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದಿರಿ. ಅವರು ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು!

ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದ ನಂತರ ಗರ್ಭ ನಿಂತಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆಯವರೆಗಿನ ಎರಡು ವಾರವೇ ಕಷ್ಟ. ಮೆಟ್ಟಿಲು ಹತ್ತಲೂ ಹೆದರುತ್ತಿದ್ದೆ. “ನಡೆದರೆ, ಅತ್ತರೆ ಅದು ಜಾರಿಬೀಳುವುದಿಲ್ಲ” ಎಂದಿರಿ.

ಐವಿಎಫ್ ಆಸ್ಪತ್ರೆಗಳು ಆಪ್ತಸಮಾಲೋಚನೆ ಒದಗಿಸಬೇಕೆಂದು ಇಂತಹ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಕಾಯ್ದೆಯೇ ಹೇಳುತ್ತದೆ. ಆದರೆ ಫಲಿತಾಂಶ ಕೈಕೊಟ್ಟ ಸಂಜೆ ಕರೆಮಾಡಿ ಸುಮ್ಮನೆ ಕೇಳಿಸಿಕೊಳ್ಳಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ. ಸದ್ಯಕ್ಕೆ ಚಿಕಿತ್ಸೆ ನಿಲ್ಲಿಸಿದ್ದೇವೆ. ಮತ್ತೆ ಯಾವಾಗ ಎಂದು ಕೇಳದ ಒಬ್ಬರೇ ಒಬ್ಬರು ನೀವು, ಅದಕ್ಕೂ ಧನ್ಯವಾದ.