ಸೊಂಟದ ಹಗ್ಗ

ಪುಟ್ಟೀ,

ನೀನು ಕಳಿಸಿದ ವಿಡಿಯೊವನ್ನು ನಿನ್ನಮ್ಮ ನಾಲ್ಕು ಸಲ ನೋಡಿದಳು. ಹಾಯಿದೋಣಿ ಒಂದು ಕಡೆ ವಾಲಿಕೊಂಡು ಓಡುತ್ತಿದೆ. ನೀನು ಮೇಲಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಹಲ್ಲು ಕಿರಿಯುತ್ತಿದ್ದೀಯ. ನಾಲ್ಕನೇ ಸಲ ನೋಡಿದ ಮೇಲೆ ಅವಳು ಕೇಳಿದ್ದು ಇಷ್ಟೇ: "ಅದನ್ನ ನೆಟ್ಟಗೆ ಮಾಡುವವರು ಯಾರೂ ಇಲ್ವಾ?" ಗಾಳಿ ತಳ್ಳುವಾಗ ಅದು ವಾಲಲೇಬೇಕು, ಮಗುಚದ ಹಾಗೆ ಹಿಡಿಯಲು ಅಡಿಯಲ್ಲಿ ಕೀಲ್ ಅನ್ನುವ ಭಾರದ ರೆಕ್ಕೆ ಇದೆ ಅಂತ ನಾನು ದೊಡ್ಡ ಜಾಣನ ಹಾಗೆ ಹೇಳಿದೆ. ಹೇಳುವಾಗ ನನಗೂ ಹೊಟ್ಟೆಯೊಳಗೆ ವಾಲುತ್ತಿತ್ತು.

ದುಡ್ಡು ಕಟ್ಟಿ ಕ್ಲಿಪ್ಪರ್ ರೇಸ್‌ಗೆ ಸೇರುತ್ತೇನೆ ಅಂತ ಮೊದಲ ಸಲ ನೀನು ಫೋನಿನಲ್ಲಿ ಹೇಳಿದ ದಿನ ನಾನು ಸರಿಯಾಗಿ ಮಾತಾಡಲಿಲ್ಲ. "ದುಡ್ಡು ಕೊಟ್ಟು ಕೂಲಿ ಮಾಡುವವರನ್ನು ನಾನು ನೋಡಿಲ್ಲ" ಅಂದುಬಿಟ್ಟೆ. ಆಮೇಲೆ ಈ ಕ್ಲಿಪ್ಪರ್ ರೇಸ್ ಅಂದರೆ ಏನು ಅಂತ ಕೂತು ಓದಿದೆ. ರಾತ್ರಿ ಎರಡು ಗಂಟೆವರೆಗೂ ಓದಿದ್ದೇನೆ, ಅಮ್ಮನಿಗೆ ಹೇಳಬೇಡ. ಹತ್ತು-ಹನ್ನೊಂದು ಹಾಯಿದೋಣಿಗಳು, ಎಲ್ಲವೂ 70 ಅಡಿ, ಎಲ್ಲವೂ ಒಂದೇ ಅಚ್ಚು. ಭೂಮಿ ಸುತ್ತ 40,000 ನಾಟಿಕಲ್ ಮೈಲಿ, ಹನ್ನೊಂದು ತಿಂಗಳು. ದೋಣಿಯಲ್ಲಿ ಕಸುಬು ಬಲ್ಲವರು ಅಂದರೆ ದೋಣಿ ನಡೆಸುವ ಸ್ಕಿಪ್ಪರ್ ಮತ್ತು ಅವನ ಕೈಕೆಳಗಿನ ಮೇಟ್. ಉಳಿದವರೆಲ್ಲ ನಿನ್ನ ಹಾಗೆ, ನಿನ್ನೆಯವರೆಗೆ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವರು. ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ ನಾಲ್ಕು ಹಂತದ ತರಬೇತಿ ಮುಗಿಸಿದರೆ ಸಾಗರಕ್ಕೆ ಬಿಡುತ್ತಾರಂತೆ. ಬೆಂಗಳೂರಿನಲ್ಲಿ ಸ್ಕೂಟರ್ ಕಲಿಯಲು ನೀನು ಅದಕ್ಕಿಂತ ಜಾಸ್ತಿ ದಿನ ತಗೊಂಡಿದ್ದೆ.

ಇದನ್ನು 1996ರಲ್ಲಿ ಶುರು ಮಾಡಿಸಿದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಬಗ್ಗೆ ಓದಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. 1968ರ ಜೂನ್‌ನಲ್ಲಿ ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟವನು, ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿ, 312 ದಿನ ಆದ ಮೇಲೆ ಅಲ್ಲಿಗೇ ಬಂದ. ಹಾಗೆ ಮಾಡಿದವರಲ್ಲಿ ಅವನೇ ಮೊದಲಿಗ. ಆ ರೇಸ್‌ಗೆ ಒಂಬತ್ತು ಜನ ಹೊರಟಿದ್ದರು, ಮುಟ್ಟಿದವನು ಅವನೊಬ್ಬನೇ. ಒಬ್ಬ ಸಮುದ್ರದಲ್ಲೇ ಹೋದ. ಗೆದ್ದ 5,000 ಪೌಂಡನ್ನು ಈತ ಅವನ ಮನೆಯವರಿಗೆ ಕೊಟ್ಟುಬಿಟ್ಟ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅವನ ದೋಣಿ. ಸುಹೈಲಿ ಅಂತ ಹೆಸರು, 32 ಅಡಿ, ಸಾಗವಾನಿ ಮರದ್ದು. ಕಟ್ಟಿದ್ದು ಎಲ್ಲಿ ಗೊತ್ತಾ? ಬೊಂಬಾಯಿಯಲ್ಲಿ! ನಮ್ಮ ಕಡೆಯ ಬಡಗಿಗಳ ಹಾಗೆಯೇ ಬಾಚಿ ಹಿಡಿದು ಕೆತ್ತುವವರು ಮಾಡಿದ ದೋಣಿ. ಇದನ್ನು ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.

ಜೋಕರ್ ವಿಷಯ ನಿನ್ನ ಚಿಕ್ಕಪ್ಪನಿಗೆ ತುಂಬಾ ಇಷ್ಟವಾಯಿತು. ರೇಸಿನೊಳಗಿನ ಹಲವು ಓಟಗಳಲ್ಲಿ ಒಂದಕ್ಕೆ ಮಾತ್ರ ಜೋಕರ್ ಆಡಬಹುದು, ಆಗ ಪಾಯಿಂಟು ಡಬಲ್, ಆದರೆ ಓಟ ಶುರುವಾಗುವ ಮೊದಲೇ ಹೇಳಿಬಿಡಬೇಕು, ಅಲ್ವಾ? ಇಸ್ಪೀಟಿನವರು ಮಾಡಿದ ರೂಲ್ ಇದು ಅಂತಾನೆ ಅವನು.

ಇನ್ನು ನಾನು ಬರೆಯಬೇಕು ಅಂತ ಕೂತ ವಿಷಯ. ಈ ರೇಸ್‌ನಲ್ಲಿ 2015ರಿಂದ 2017ರ ಒಳಗೆ ಮೂವರು ತೀರಿಕೊಂಡಿದ್ದಾರೆ. ನೀನು ನನಗೆ ಹೇಳಲಿಲ್ಲ, ಹೇಳಬೇಕಾಗಿತ್ತು ಅಂತಲೂ ನಾನು ಅನ್ನುವುದಿಲ್ಲ. 2016ರಲ್ಲಿ ಪೆಸಿಫಿಕ್‌ನಲ್ಲಿ ಅಲೆ ಹೊಡೆದುಕೊಂಡು ಹೋದ ಹೆಂಗಸು ಆ ಹೊತ್ತಿಗೆ ಮೈಗೆ ಕಟ್ಟಿದ ಹಗ್ಗವನ್ನು ದೋಣಿಗೆ ಸಿಕ್ಕಿಸುವ ಕೊಂಡಿ ಹಾಕಿಕೊಂಡಿರಲಿಲ್ಲ. 2017ರಲ್ಲಿ ದಕ್ಷಿಣ ಸಾಗರದಲ್ಲಿ ಹೋದವರು ಹಾಕಿಕೊಂಡಿದ್ದರು. ಅವರ ಹಗ್ಗದ ಕೊಂಡಿ ಡೆಕ್ಕಿನ ಮೇಲಿದ್ದ ಕ್ಲೀಟ್, ಅಂದರೆ ಹಗ್ಗ ಸುತ್ತುವ ಗೂಟದ, ಅಡಿ ಸಿಕ್ಕಿಕೊಂಡಿತ್ತು. ನೇರಕ್ಕೆ ಎಳೆದರೆ ದೊಡ್ಡ ಭಾರವನ್ನೂ ತಡೆಯುವ ಕೊಂಡಿ, ಅಡ್ಡಡ್ಡ ಎಳೆದದ್ದಕ್ಕೆ ಬಾಯಿ ಬಿಟ್ಟಿತು. ನಾನು ಅದನ್ನು ಮೂರು ಸಲ ಓದಿದೆ. 2014ರಲ್ಲಿ ದೋಣಿಯಿಂದ ಬಿದ್ದ ಒಬ್ಬರು ಒಂದೂವರೆ ಗಂಟೆ ತಣ್ಣೀರಿನಲ್ಲಿದ್ದು ಬದುಕಿ ಬಂದರು. ಮೈಮೇಲಿದ್ದ, ಇರುವ ಜಾಗ ತಿಳಿಸುವ ಬೀಕನ್‌ನ ಸಿಗ್ನಲ್ ಹಿಡಿದು ಹುಡುಕಿದರಂತೆ. ನಿನ್ನ ಬೀಕನ್‌ನ ಬ್ಯಾಟರಿಯನ್ನು ನೀನೇ ನೋಡಿಕೋ, ಬೇರೆಯವರು ನೋಡಿರುತ್ತಾರೆ ಅಂತ ಬಿಡಬೇಡ. ಕೊಂಡಿ ಹಾಕಿದ ಮೇಲೆ ಅದು ಎಲ್ಲಿ ಮಲಗಿದೆ, ಯಾವುದರ ಅಡಿ ಹೋಗಿದೆ ಅಂತ ಒಂದು ಸಲ ಬಗ್ಗಿ ನೋಡು.

ನನಗೆ ಹನ್ನೊಂದು ವರ್ಷ ಇದ್ದಾಗ ದೊಡ್ಡಪ್ಪ ತದಡಿಯಿಂದ ಬಲೆ ಬಿಡಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಳಿವೆ ದಾಟುವ ಮೊದಲೇ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಅಡ್ಡಹಲಗೆಗೆ ಬಿಗಿದರು. ಕರು ಕಟ್ಟಿದ ಹಾಗೆ. ಉಳಿದವರೆಲ್ಲ ನಕ್ಕರು. ನನಗೆ ಅವಮಾನವಾಗಿ, ದೊಡ್ಡಪ್ಪ ಆ ಕಡೆ ತಿರುಗಿದಾಗ ಗಂಟು ಬಿಚ್ಚಲು ನೋಡಿದೆ. ಬರಲಿಲ್ಲ. ಎಳೆದಷ್ಟೂ ಹಾಗೇ ನಿಂತಿತ್ತು, ಹೊಟ್ಟೆಯನ್ನೂ ಬಿಗಿಯಲಿಲ್ಲ. ದಡಕ್ಕೆ ಬಂದ ಮೇಲೆ ಅವರು ಹೆಬ್ಬೆರಳಿನಲ್ಲಿ ಒಂದು ಕಡೆ ತಳ್ಳಿದರು ನೋಡು, ಬಿಚ್ಚಿಕೊಂಡಿತು. ಹೋದ ವಾರ ನೀನು "ಅಪ್ಪಾ, ಬೌಲೈನ್ ಕಲಿತೆ" ಅಂತ ಗಂಟಿನ ಫೋಟೊ ಕಳಿಸಿದೆಯಲ್ಲ, ಅದೇ ಗಂಟು ಕಣೇ. ಫೋಟೊ ದೊಡ್ಡದು ಮಾಡಿ ನೋಡಿದೆ. ದೊಡ್ಡಪ್ಪ ಇದ್ದಿದ್ದರೆ ನೀನು ಬಿಟ್ಟ ಬಾಲ ಗಿಡ್ಡ ಆಯಿತು ಅನ್ನುತ್ತಿದ್ದರು.

ರೇಸಿನ ಮೊದಲ ಭಾಗ, ನೀನನ್ನುವ ಲೆಗ್, ಮಾತ್ರ ಹೋಗುತ್ತೀಯ ಅನ್ನುವುದು ಸಮಾಧಾನ. ಪೋರ್ಟ್ಸ್‌ಮತ್, ಸ್ಪೇನ್, ಅಲ್ಲಿಂದ ಅಟ್ಲಾಂಟಿಕ್ ದಾಟಿ ಉರುಗ್ವೆಯ ಪುಂಟಾ ಡೆಲ್ ಎಸ್ತೆ. ನಡುವೆ ಭೂಮಧ್ಯರೇಖೆ. ಅಲ್ಲಿ ಗಾಳಿ ಬಿದ್ದರೆ ದಿನಗಟ್ಟಲೆ ನಿಂತಲ್ಲೇ ಬೇಯಬೇಕಂತೆ. ಹಗಲು ಆರು ಗಂಟೆ, ರಾತ್ರಿ ನಾಲ್ಕು ಗಂಟೆಯ ಪಾಳಿ, ನೀನು ಎದ್ದ ಬಿಸಿ ಹಾಸಿಗೆಗೇ ಇನ್ನೊಬ್ಬರು ಬಂದು ಬೀಳುವುದು, ಇದನ್ನೆಲ್ಲ ಅಮ್ಮನಿಗೆ ಇನ್ನೂ ಬಿಡಿಸಿ ಹೇಳಿಲ್ಲ. ನೂಲ ಹುಣ್ಣಿಮೆಗೆ ನಮ್ಮವರು ಕಡಲಿಗೆ ಕಾಯಿ ಬಿಡುವಾಗ ನಿನ್ನ ಹೆಸರಿನಲ್ಲೂ ಒಂದು ಬಿಡಿಸುತ್ತಾಳಂತೆ. ಅರಬ್ಬೀ ಸಮುದ್ರಕ್ಕೆ ಬಿಟ್ಟರೆ ಅಟ್ಲಾಂಟಿಕ್‌ಗೆ ಹೇಗೆ ಸಲ್ಲುತ್ತದೆ ಅಂದೆ. ಎಲ್ಲ ಒಂದೇ ನೀರು ಅಂದಳು.

ನಕ್ಷೆಯಲ್ಲಿ ದಿನಾ ನಿಮ್ಮ ದೋಣಿಯನ್ನು ನೋಡುತ್ತಿರುತ್ತೇವೆ. ಬೇರೆ ದೋಣಿಯವರಿಗೆ ಸುಳಿವು ಸಿಗದಿರಲಿ ಅಂತ ಮಧ್ಯೆ ಜಾಗ ಮುಚ್ಚಿಡುವ ಆಟವೂ ಇದೆಯಂತಲ್ಲ, ಸ್ಟೆಲ್ತ್ ಮೋಡ್. ಕಾಲೇಜಿನಲ್ಲಿದ್ದಾಗ ನೀನು ಫೋನ್ ಸ್ವಿಚ್ ಆಫ್ ಮಾಡಿ ಎಲ್ಲೆಲ್ಲಿಗೋ ಹೋಗುತ್ತಿದ್ದೆಯಲ್ಲ, ಅದಕ್ಕೇ ಇಂಗ್ಲಿಷ್ ಹೆಸರು! ಯಾವಾಗ ಮುಚ್ಚುತ್ತೀರಿ ಅಂತ ಮೊದಲೇ ನನಗೆ ಹೇಳು ಅನ್ನುವುದು ತಪ್ಪು, ಕೇಳುವುದಿಲ್ಲ. ಆ ದಿನ ಅಮ್ಮನಿಗೆ ನೆಟ್ ಹೋಗಿದೆ ಅಂತ ಹೇಳುತ್ತೇನೆ.

ಅಂದ ಹಾಗೆ ಅವಳದು ಇನ್ನೊಂದು ಪ್ರಶ್ನೆ ಬಾಕಿ ಇದೆ. ಅಡುಗೆ ಪಾಳಿ ಬಂದ ದಿನ ಇಪ್ಪತ್ತು ಜನಕ್ಕೆ ಅನ್ನ ಮಾಡುತ್ತೀಯಲ್ಲ, ದೋಣಿ ವಾಲಿದಾಗ ಗಂಜಿ ಬಸಿಯುವುದು ಯಾವ ಕಡೆಗೆ? ಗೊತ್ತಾದರೆ ಬರಿ. ಸುಮ್ನೆ ಅಲ್ಲ, ನಿಜವಾಗಿ ಕೇಳುತ್ತಿದ್ದಾಳೆ.

ನಿನ್ನ
ಅಪ್ಪ