ಸಾಕ್ಷಿ ಬರೆಯಲು ಹೊರಟ ಸಹೋದರಿಗೆ

ಕ್ರಿಸ್ತನಲ್ಲಿ ಪ್ರಿಯ ಸಹೋದರಿಗೆ ವಂದನೆಗಳು.

ನೀವು ಕಳುಹಿಸಿದ ಲೇಖನವನ್ನೂ ಅದರ ಜೊತೆಗಿದ್ದ ಪತ್ರವನ್ನೂ ಓದಿದೆ. ಲೇಖನದಲ್ಲಿ ನಿಮ್ಮ ತಾಯಿಯವರ ಕಾಯಿಲೆ ಇದೆ, ಸಭೆಯವರು ಮನೆಗೆ ಬಂದು ಮಾಡಿದ ಪ್ರಾರ್ಥನೆ ಇದೆ, ಆ ರಾತ್ರಿ ಅವರಿಗೆ ಬಹಳ ದಿನಗಳ ಮೇಲೆ ಬಂದ ನಿದ್ದೆಯೂ ನಿಮಗೆ ದೊರೆತ ಸಮಾಧಾನವೂ ಇವೆ. ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರೆಂಬುದು ಮಾತ್ರ ಪತ್ರದಲ್ಲಿದೆ, ಲೇಖನದಲ್ಲಿಲ್ಲ. ಅದನ್ನು ಬರೆದರೆ ಸಾಕ್ಷಿಯ, ಅಂದರೆ ದೇವರು ನಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳುವ ಬರಹದ, ಬಲ ಕುಂದುತ್ತದೆಂದು ಹಿರಿಯರೊಬ್ಬರು ಹೇಳಿದ್ದರಿಂದ ಬಿಟ್ಟಿರೆಂದು ತಿಳಿಸಿದ್ದೀರಿ. ದಯವಿಟ್ಟು ಅದನ್ನು ಬರೆಯಿರಿ. ನಿಮಗೆ ನಾನು ಹೇಳಬೇಕಾದುದರಲ್ಲಿ ಮುಖ್ಯವಾದದ್ದು ಇದೇ.

ನಮ್ಮ ನಂಬಿಕೆಯ ಭದ್ರತೆ ಪ್ರಾರ್ಥನೆಗೆ ಸಿಕ್ಕ ಫಲದ ಮೇಲೆ ನಿಂತಿದ್ದರೆ ಫಲ ಸಿಗದ ದಿನಗಳನ್ನು ಮುಚ್ಚಿಡಲೇಬೇಕಾಗುತ್ತದೆ. ಅದು ಕ್ರಿಸ್ತನ ಮೇಲೆ ನಿಂತಿದ್ದರೆ ಮುಚ್ಚಿಡುವ ಅಗತ್ಯವೇ ಇರುವುದಿಲ್ಲ. ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ತೊಲಗಲೆಂದು ಮೂರು ಸಾರಿ ಬೇಡಿಕೊಂಡನು, ಅದು ತೊಲಗಲಿಲ್ಲ; ಕೃಪೆಯೇ ಸಾಕೆಂಬ ಉತ್ತರ ಬಂದಿತು, ಮತ್ತು ಅವನು ಆ ನಿರಾಕರಣೆಯನ್ನು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಬಚ್ಚಿಡದೆ ತಿಳಿಸಿದನು. ಬೈಬಲಿನ ಎಂಬತ್ತೆಂಟನೆಯ ಕೀರ್ತನೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಉಳಿದ ಅನೇಕ ಶೋಕಗೀತೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ದೇವಜನರು ಅದನ್ನು ತಮ್ಮ ಆರಾಧನೆಯ ಪುಸ್ತಕದಿಂದ ತೆಗೆದುಹಾಕಲಿಲ್ಲ, ಏಕೆಂದರೆ ಆ ಕತ್ತಲೆಯಲ್ಲಿದ್ದವನು ಮಾತನಾಡುತ್ತಿರುವುದು ದೇವರ ಸಂಗಡವೇ. ಶಿಲುಬೆಯ ಮೇಲೆ ನಮ್ಮ ಕರ್ತನು ಕೂಗಿದ ಮಾತು ಕೂಡ ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು, ಕೈಬಿಡಲ್ಪಟ್ಟವನ ಪ್ರಶ್ನೆ. ಮರಣವಾಗಲಿ ಜೀವವಾಗಲಿ ನಮ್ಮನ್ನು ಆತನ ಪ್ರೀತಿಯಿಂದ ಅಗಲಿಸಲಾರದೆಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಓದುವ ನಾವು, ಒಬ್ಬ ತಾಯಿಯ ಮರಣವನ್ನು ಬರೆಯಲು ಹಿಂಜರಿದರೆ ಆ ವಾಕ್ಯವನ್ನು ನಂಬಿದ್ದೇವೆಂದು ಹೇಗೆ ಹೇಳೋಣ? ಅವರು ಹೋದ ಮೇಲೆ ನೀವು ಎಷ್ಟೋ ದಿನ ಪ್ರಾರ್ಥಿಸಲಾಗದೆ ಸುಮ್ಮನೆ ಕುಳಿತಿದ್ದಿರೆಂದು ಪತ್ರದಲ್ಲಿ ಬರೆದಿದ್ದೀರಲ್ಲ, ಅದೂ ಲೇಖನಕ್ಕೆ ಬರಲಿ. ಆ ದಿನಗಳಲ್ಲಿ ನೀವು ಕರ್ತನನ್ನು ಹಿಡಿದುಕೊಂಡಿರಲಿಲ್ಲ, ಆತನು ನಿಮ್ಮನ್ನು ಹಿಡಿದುಕೊಂಡಿದ್ದನು.

ಇನ್ನು ಭಾಷೆಯ ವಿಷಯ. 'ನನ್ನ ಹೃದಯವು ವರ್ಣಿಸಲಾಗದ ಆನಂದದಿಂದ ತುಂಬಿ ತುಳುಕಿತು' ಎಂಬ ವಾಕ್ಯವನ್ನು ನಾನು ಎಷ್ಟೋ ಪ್ರಾರ್ಥನಾ ಕೂಟಗಳಲ್ಲಿ ಕೇಳಿದ್ದೇನೆ. ಅದು ಸುಳ್ಳಲ್ಲ, ಆದರೆ ಅದರಲ್ಲಿ ನೀವಿಲ್ಲ. ನಿಮ್ಮ ಲೇಖನದ ಜೀವ ಮೂರನೆಯ ಪುಟದಲ್ಲಿ, ನೀವು ಅವಸರದಿಂದ ದಾಟಿಹೋದ ಒಂದು ವಾಕ್ಯದಲ್ಲಿದೆ: ಕಣ್ಣು ಮಂಜಾದ ಮೇಲೆಯೂ ತಾಯಿಯವರು ಸತ್ಯವೇದವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಬಾಯಿಪಾಠವಾಗಿದ್ದ ಇಪ್ಪತ್ತಮೂರನೆಯ ಕೀರ್ತನೆಯನ್ನು ಹೇಳುತ್ತಾ, ಬೆರಳನ್ನು ಸಾಲಿನಿಂದ ಸಾಲಿಗೆ ಸರಿಸುತ್ತಿದ್ದರು, ಮುಂದೆ ತೆರೆದಿದ್ದ ಪುಟ ಬೇರೆಯದಾಗಿದ್ದರೂ. ಅಲ್ಲಿ ನಿಲ್ಲಿ. ಅವರ ಧ್ವನಿ ಹೇಗಿತ್ತು, ಎಲ್ಲಿ ತಡೆಯುತ್ತಿತ್ತು, ಪುಟ ತಪ್ಪಿದೆಯೆಂದು ನೀವು ಹೇಳಿದಿರೋ ಹೇಳಲಿಲ್ಲವೋ, ಎಲ್ಲವನ್ನೂ ಬರೆಯಿರಿ. ಸಮಾಧಾನ ಎಂಬ ಪದವನ್ನೇ ಬಳಸದಿದ್ದರೂ ಓದುವವರಿಗೆ ಅದು ತಿಳಿಯುತ್ತದೆ.

ಕಂಡಷ್ಟನ್ನೇ ಹೇಳುವ ಈ ಧೈರ್ಯಕ್ಕೆ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ಹುಟ್ಟುಕುರುಡನಿಗಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. ಯೆಹೂದ್ಯರ ಧಾರ್ಮಿಕ ಮುಖಂಡರಾಗಿದ್ದ ಫರಿಸಾಯರು ಅವನನ್ನು ಮತ್ತೆ ಮತ್ತೆ ಕರೆಸಿ, ನಿನ್ನನ್ನು ವಾಸಿಮಾಡಿದವನು ಪಾಪಿಯೆಂದು ಒಪ್ಪಿಕೋ ಎಂದು ಒತ್ತಾಯಿಸಿದಾಗ, ಪಾಪಿಯೋ ಅಲ್ಲವೋ ತಾನು ಅರಿಯೆನು, ಕುರುಡನಾಗಿದ್ದ ತಾನು ಈಗ ಕಾಣುತ್ತೇನೆಂಬುದೊಂದನ್ನು ಬಲ್ಲೆನೆಂದು ಅವನು ಹೇಳಿದನು. ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಂಡದ್ದರಿಂದಲೇ ಅವನು ತಿಳಿದಿದ್ದ ಒಂದನ್ನು ಯಾರಿಂದಲೂ ಅಲುಗಾಡಿಸಲಾಗಲಿಲ್ಲ. ಅವರು ಅವನನ್ನು ಹೊರಗೆ ಹಾಕಿದರು; ಆಗ ಯೇಸು ತಾನಾಗಿ ಅವನನ್ನು ಹುಡುಕಿ ಬಂದನು.

ನನಗೆ ನೋವಾದ ಒಂದು ಜಾಗವೂ ನಿಮ್ಮ ಲೇಖನದಲ್ಲಿದೆ. ಪಕ್ಕದ ಮನೆಯ ಅಮ್ಮನವರನ್ನು 'ಕತ್ತಲೆಯಲ್ಲಿ ತೊಳಲುತ್ತಿರುವವರು' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ದೇವರ ಕೋಣೆಯಲ್ಲಿ ದೀಪ ಹಚ್ಚಿಟ್ಟು, ನೀವು ಕಣ್ಣು ಮುಚ್ಚಲೆಂದು ರಾತ್ರಿಯೆಲ್ಲ ನಿಮ್ಮ ತಾಯಿಯ ಪಕ್ಕದಲ್ಲಿ ಕುಳಿತವರು ಅವರೇ ಎಂದು ಪತ್ರದಲ್ಲಿ ಬರೆದವರೂ ನೀವೇ. ಯಾರ ಒಳಗನ್ನೂ ನಾವು ನೋಡಿಲ್ಲ. ನಮ್ಮ ಕರ್ತನ ಮಹಿಮೆಗೆ ನೆರೆಯವರ ಮುಖಕ್ಕೆ ಮಸಿ ಬಳಿಯಬೇಕಾಗಿಲ್ಲ. ಉತ್ತಂಗಿ ಚನ್ನಪ್ಪನವರನ್ನು ನೆನೆಯಿರಿ: ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಅವರು ಸರ್ವಜ್ಞನ ವಚನಗಳನ್ನು ಅಪಾರ ಶ್ರಮದಿಂದ ಕಲೆಹಾಕಿ 1924ರಲ್ಲಿ ಪ್ರಕಟಿಸಿದರು, ವೀರಶೈವ ಶರಣರ ಅನುಭವ ಮಂಟಪದ ಕುರಿತು ಆದರದಿಂದ ಬರೆದರು, 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಷ್ಟೆಲ್ಲ ಮಾಡುವಾಗಲೂ ತಾವು ಕ್ರಿಸ್ತನವರೆಂಬುದನ್ನು ಅವರು ಮರೆಮಾಚಲಿಲ್ಲ. ಬೇರು ಆಳಕ್ಕೆ ಇಳಿದಿದ್ದವರಿಗೆ ಇನ್ನೊಬ್ಬರನ್ನು ಗೌರವಿಸಲು ಭಯವಿರಲಿಲ್ಲ. ಇತ್ತ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಕ್ರಿಸ್ತನ ಕಡೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನೇ ಬರೆದರು. ಆದ್ದರಿಂದ ಸಭೆಯ ಹೊರಗಿನ ಕನ್ನಡ ಓದುಗರಿಗೆ ಶಿಲುಬೆಯ ಗಂಧವೇ ಇಲ್ಲವೆಂಬಂತೆ ಬರೆಯಬೇಡಿ.

ನಂಬಿಕೆಯನ್ನು ಹಂಚಿಕೊಳ್ಳುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸದಾ ಸಿದ್ಧರಾಗಿರಬೇಕೆಂದೂ ಅದನ್ನು ಸಾತ್ವಿಕತೆಯಿಂದ ಹೇಳಬೇಕೆಂದೂ ಪೇತ್ರನು ಒಂದೇ ಉಸಿರಿನಲ್ಲಿ ಬರೆದಿದ್ದಾನೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲಾಗದು. ಕೇಳಬೇಕೆನಿಸುವಂತೆ ಬದುಕುವುದು ಮೊದಲಿನ ಕೆಲಸ. ಕೇಳಿದ ಮೇಲೆ ಯೇಸುವಿನ ಹೆಸರನ್ನು ಅಡ್ಡಮಾತಿಲ್ಲದೆ ಹೇಳುವುದು ಅದರಷ್ಟೇ ಅಗತ್ಯ. ನಾಚಿಕೊಂಡು ಬರೀ 'ಒಂದು ಶಕ್ತಿ' ಎಂದು ಬರೆಯುವ ಯುವ ಲೇಖಕರನ್ನು ಕಂಡು ನನಗೆ ದುಃಖವಾಗುತ್ತದೆ. ಆದರೆ ಹೊಸದಾಗಿ ನಂಬಿದವರ ಕಥೆಯನ್ನು ಅವರ ಒಪ್ಪಿಗೆಯಿಲ್ಲದೆ ಎಂದಿಗೂ ಬರೆಯಬೇಡಿ. ಅವರ ಮನೆಯವರಿಗೆ ಇನ್ನೂ ತಿಳಿಯದ ಸಂಗತಿ ನಿಮ್ಮ ಲೇಖನದಿಂದ ತಿಳಿಯುವಂತಾಗಬಾರದು.

ತಿದ್ದಿ ಬರೆದಾದ ಮೇಲೆ, ಅಚ್ಚಿಗೆ ಕೊಡುವ ಮೊದಲು, ಪಕ್ಕದ ಮನೆಯ ಅಮ್ಮನವರಿಗೆ ಅದನ್ನು ಪೂರ್ತಿ ಓದಿ ಹೇಳಿ. 'ಹಾಗಲ್ಲಮ್ಮ, ಅವತ್ತು ಆಗಿದ್ದೇ ಬೇರೆ' ಎಂದು ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ಗುರುತು ಹಾಕಿಕೊಂಡು ಮತ್ತೊಮ್ಮೆ ತಿದ್ದಿ. ಆ ಪ್ರತಿಯನ್ನು ನನಗೆ ಕಳುಹಿಸಿಕೊಡಿ.

ಕರ್ತನಲ್ಲಿ ನಿಮ್ಮ ಹಿರಿಯ ಸಹೋದರ